ಕಡಿಮೆ ಬೆಲೆಯ ಹ್ಯಾಂಡ್‌ಹೆಲ್ಡ್: ಏನು ಬೇಕು, ಏನು ಬಿಡಬಹುದು

"ಕಡಿಮೆ ಬೆಲೆಗೆ ಯಾವ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಮೆಷಿನ್) ತಗೊಳ್ಳಲಿ?" ಅಂತ ಗೆಳತಿಯರು, ಆಫೀಸಿನವರು, ಅಕ್ಕ, ಎಲ್ಲರೂ ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು. ಯಾವ ಆಟ ಆಡಬೇಕು ಅಂತ ಆಸೆ? ಆಟದ ಹೆಸರು ಬಾಯಿಗೆ ಬಂದರೆ ಕೆಲಸ ಸುಲಭ. "ಎಲ್ಲಾ ಆಟನೂ ಆಡೋ ಹಾಗಿರಬೇಕು" ಅಂದರೆ ಮಾತು ಉದ್ದವಾಗುತ್ತದೆ. ಯಾಕೆಂದರೆ ಬೆಲೆ ಇಳಿಸಬೇಕಾದರೆ ತಯಾರಕರು ಏನನ್ನಾದರೂ ಕೈಬಿಡಲೇಬೇಕು. ಅವರು ಬಿಟ್ಟಿದ್ದು ನಮಗೂ ಬೇಡದ್ದೇ ಆಗಿದ್ದರೆ, ಅದು ನಮಗೆ ಸರಿಯಾದ ಮೆಷಿನ್.

ಇದಕ್ಕೆ ಗೇಮ್ ಬಾಯ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1989ರಲ್ಲಿ ನಿಂಟೆಂಡೊ ಅದನ್ನು ತಂದಾಗ ಅದಕ್ಕೆ ಬಣ್ಣ ಇರಲಿಲ್ಲ, ಸ್ಕ್ರೀನ್‌ಗೆ ಬೆಳಕೂ ಇರಲಿಲ್ಲ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ನಲ್ಲಿ, ಮುಂದಿನ ವರ್ಷ ಬಂದ ಸೆಗಾ ಗೇಮ್ ಗಿಯರ್‌ನಲ್ಲಿ ಎರಡೂ ಇದ್ದವು. ಆದರೆ ಗೇಮ್ ಗಿಯರ್‌ಗೆ 6 ಸೆಲ್ ಹಾಕಿದರೆ 3ರಿಂದ 5 ಗಂಟೆ ಓಡುತ್ತಿತ್ತು. ಗೇಮ್ ಬಾಯ್ 4 ಸೆಲ್‌ನಲ್ಲಿ 10 ಗಂಟೆ ದಾಟುತ್ತಿತ್ತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೆ ಯೊಕೊಯಿ. ಹಳೆಯದಾಗಿ ಅಗ್ಗವಾದ ಭಾಗಗಳನ್ನೇ ಹೊಸ ರೀತಿಯಲ್ಲಿ ಬಳಸಬೇಕು ಅನ್ನುವುದು ಅವರ ನಂಬಿಕೆ. ಬಣ್ಣ ಬಿಟ್ಟರು, ಬ್ಯಾಟರಿ ಉಳಿಸಿಕೊಂಡರು. ಮಾರಾಟದಲ್ಲಿ ಗೇಮ್ ಬಾಯ್ ಮಿಕ್ಕೆರಡನ್ನೂ ಬಹಳ ಹಿಂದೆ ಹಾಕಿತು.

ನನ್ನದು ಹೇಳುತ್ತೇನೆ. ನಾನು ಆಡುವುದು ರಾತ್ರಿ ಮಲಗುವ ಮುಂಚೆ, ಹೆಚ್ಚೆಂದರೆ ಅರ್ಧ ಗಂಟೆ. ನನಗೆ ಪ್ರಾಣವಾದ ಆಟಗಳು ಗೇಮ್ ಬಾಯ್ ಅಡ್ವಾನ್ಸ್ ಕಾಲದವು. ಮೆಟ್ರಾಯ್ಡ್ ಫ್ಯೂಷನ್, ಅಡ್ವಾನ್ಸ್ ವಾರ್ಸ್, ಗೋಲ್ಡನ್ ಸನ್. 2001ರಲ್ಲಿ ಬಂದ ಆ ಮೂಲ ಮೆಷಿನ್‌ಗೆ ಬೆಳಕಿನ ಸ್ಕ್ರೀನ್ ಇಲ್ಲ, ದೀಪದ ಕೆಳಗೆ ಕೂತೇ ಆಡಬೇಕು. ಹಾಗಾಗಿ ನಾನು ನೋಡಿದ್ದು ಹಳೇ ಆಟಗಳನ್ನು ಎಮ್ಯುಲೇಟರ್‌ನಲ್ಲಿ (ಹಳೇ ಮೆಷಿನ್‌ನಂತೆ ನಟಿಸುವ ಸಾಫ್ಟ್‌ವೇರ್‌ನಲ್ಲಿ) ಓಡಿಸುವ ಪುಟ್ಟ ಲಿನಕ್ಸ್ ಮೆಷಿನ್‌ಗಳನ್ನು. ಆನ್‌ಬರ್ನಿಕ್, ಮಿಯೂ, ಪೌಕಿಡಿ, ಟ್ರಿಮ್‌ಯುಐ ಹೀಗೆ ಹಲವು ಕಂಪನಿಗಳು ಇವನ್ನು ಮಾಡುತ್ತವೆ. ಹೊಸದಾಗಿ ಸಿಗುವ ಒಳ್ಳೆಯ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಇವೇ ಎಲ್ಲಕ್ಕಿಂತ ಅಗ್ಗ. ಗೇಮ್ ಬಾಯ್‌ನಿಂದ ಹಿಡಿದು ಮೊದಲ ಪ್ಲೇಸ್ಟೇಷನ್‌ವರೆಗಿನ ಆಟಗಳು ಇವುಗಳಲ್ಲಿ ಆರಾಮಾಗಿ ಓಡುತ್ತವೆ. ಅದರ ನಂತರದ ಮೆಷಿನ್‌ಗಳಾದ ನಿಂಟೆಂಡೊ 64, ಡ್ರೀಮ್‌ಕಾಸ್ಟ್, ಪಿಎಸ್‌ಪಿ (ಸೋನಿಯ ಹ್ಯಾಂಡ್‌ಹೆಲ್ಡ್) ಇವುಗಳ ಆಟಗಳು ಕೆಲವು ಓಡುತ್ತವೆ, ಕೆಲವು ತಡವರಿಸುತ್ತವೆ. ಬಾಕ್ಸ್ ಮೇಲೆ ಅವುಗಳ ಹೆಸರು ಬರೆದಿದ್ದರೂ ಅದನ್ನೇ ನಂಬಿ ಕೊಳ್ಳಬೇಡಿ. ನಿಮಗೆ ಮುಖ್ಯವಾಗಿ ಬೇಕಾಗಿರುವುದೇ ಪಿಎಸ್‌ಪಿ ಆಟ ಆದರೆ ಇನ್ನೊಂದು ಹಂತ ಮೇಲಿನ ಮೆಷಿನ್ ನೋಡಿ.

ಈಗ ಸ್ಕ್ರೀನ್ ವಿಷಯ. ಇದರ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ, ಯಾಕೆಂದರೆ ಕೊಳ್ಳುವವರು ಇದನ್ನೇ ಎಲ್ಲಕ್ಕಿಂತ ಕಡಿಮೆ ನೋಡುತ್ತಾರೆ. ಎಲ್ಲರೂ ಕೇಳುವುದು ಎಷ್ಟು ಇಂಚು ಅಂತ. ಕೇಳಬೇಕಾದ್ದು ಯಾವ ಆಕಾರ, ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕೆ) ಅಂತ. ಗೇಮ್ ಬಾಯ್ ಅಡ್ವಾನ್ಸ್‌ನ ಚಿತ್ರ 240×160 ಪಿಕ್ಸೆಲ್. ಈ ಅಗ್ಗದ ಮೆಷಿನ್‌ಗಳಲ್ಲಿ ಹೆಚ್ಚಿನವುಗಳ ಸ್ಕ್ರೀನ್ 3.5 ಇಂಚು, 640×480. 240ನ್ನು 640ಕ್ಕೆ ಎಳೆದರೆ ಎರಡೂವರೆಗಿಂತ ಸ್ವಲ್ಪ ಜಾಸ್ತಿ ಪಟ್ಟು ಆಗುತ್ತದೆ. ಪೂರ್ತಿ ಲೆಕ್ಕ ಬರುವುದಿಲ್ಲ. ಅಂದರೆ ಮೂಲ ಚಿತ್ರದ ಒಂದು ಚುಕ್ಕೆ ಇಲ್ಲಿ ಕೆಲವು ಕಡೆ ಎರಡಾಗುತ್ತದೆ, ಕೆಲವು ಕಡೆ ಮೂರಾಗುತ್ತದೆ. ನಿಂತ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಪಾತ್ರ ನಡೆಯಲು ಶುರು ಮಾಡಿ ಹಿನ್ನೆಲೆ ಸರಿದಾಗ ಅಂಚುಗಳು ಮಿಣಮಿಣ ಅನ್ನುತ್ತವೆ. ಅದನ್ನು ತಪ್ಪಿಸಲು ಫಿಲ್ಟರ್ ಹಾಕಬಹುದು, ಆಗ ಚಿತ್ರ ಸ್ವಲ್ಪ ಮಸುಕಾಗುತ್ತದೆ. ಸರಿಯಾಗಿ ಎರಡು ಪಟ್ಟು ಮಾಡಿದರೆ ಸುತ್ತಲೂ ದಪ್ಪ ಕಪ್ಪು ಅಂಚು ಉಳಿಯುತ್ತದೆ.

ಅದೇ 640×480 ಸ್ಕ್ರೀನ್‌ನಲ್ಲಿ ಮೊದಲ ಪ್ಲೇಸ್ಟೇಷನ್‌ನ ಎಷ್ಟೋ ಆಟಗಳು ಅದ್ಭುತವಾಗಿ ಕಾಣುತ್ತವೆ. 320×240ರ ಸರಿಯಾಗಿ ಎರಡು ಪಟ್ಟು ಅದು. ಸೂಪರ್ ನಿಂಟೆಂಡೊದ 256×224 ಎರಡು ಪಟ್ಟಾದರೆ 512×448, ಚೆನ್ನಾಗಿ ಕೂರುತ್ತದೆ. ಹಳೇ ಗೇಮ್ ಬಾಯ್‌ನ 160×144 ಮೂರು ಪಟ್ಟಾಗಿ ಕೂರುತ್ತದೆ. ಹಾಗಾಗಿ ಟಿವಿ ಕಾಲದ ಆಟಗಳೇ ಜಾಸ್ತಿ ಆಡುವವರಿಗೆ ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್ ಆರ್‌ಜಿ 35 ಎಕ್ಸ್‌ಎಕ್ಸ್ ಥರದ್ದು ಸಾಕು. ನಾನು ಆರಿಸಿದ್ದು ಆರ್‌ಜಿ 34 ಎಕ್ಸ್‌ಎಕ್ಸ್. ಅದರ ಸ್ಕ್ರೀನ್ 720×480. ಗೇಮ್ ಬಾಯ್ ಅಡ್ವಾನ್ಸ್‌ನ ಸರಿಯಾಗಿ ಮೂರು ಪಟ್ಟು! ಕಪ್ಪು ಅಂಚೇ ಇಲ್ಲ, ಪ್ರತಿ ಚುಕ್ಕೆಯೂ ಚೌಕವಾಗಿ ನಿಲ್ಲುತ್ತದೆ. ಅದಕ್ಕೆ ಅನಲಾಗ್ ಸ್ಟಿಕ್ (ಹೆಬ್ಬೆರಳಲ್ಲಿ ಎತ್ತ ಬೇಕಾದರೂ ವಾಲಿಸುವ ಪುಟ್ಟ ಕಡ್ಡಿ) ಇಲ್ಲ. ನಾನು ಆಡುವ ಆಟಗಳಿಗೆ ಸ್ಟಿಕ್ ಬೇಕೇ ಇಲ್ಲ. ನಾನು ಬಿಟ್ಟಿದ್ದು ಅದನ್ನು, ಪಡೆದದ್ದು ಈ ಚಿತ್ರವನ್ನು.

ಇಂಚಿನ ಬಗ್ಗೆಯೂ ಒಂದು ಮಾತು. 5 ಇಂಚಿನ ಅಗಲ ಸ್ಕ್ರೀನ್ ನೋಡಿ "ಇದು ದೊಡ್ಡದು" ಅಂತ ಜನ ಅದರ ಕಡೆ ವಾಲುತ್ತಾರೆ. ಹಳೇ ಟಿವಿ ಆಕಾರದ ಆಟವನ್ನು ಅದರಲ್ಲಿ ಹಾಕಿದರೆ ಎರಡೂ ಪಕ್ಕ ಖಾಲಿ ಉಳಿದು, ಚಿತ್ರ ಹತ್ತಿರ ಹತ್ತಿರ 4 ಇಂಚಿಗೆ ಇಳಿಯುತ್ತದೆ. ಹಳೇ ಟಿವಿ ಆಕಾರದ್ದೇ 4 ಇಂಚಿನ ಸ್ಕ್ರೀನ್ ಇರುವ ಚಿಕ್ಕ ಮೆಷಿನ್‌ನಲ್ಲೂ ಚಿತ್ರ ಅಷ್ಟೇ ದೊಡ್ಡದು. ಪಿಎಸ್‌ಪಿ ಆಟಕ್ಕೆ ಮಾತ್ರ ಇದು ತಿರುಗುಮುರುಗು. ಅದರ ಚಿತ್ರ 480×272, ಅಗಲವಾದದ್ದು. ಅದಕ್ಕೆ ಅಗಲ ಸ್ಕ್ರೀನೇ ಬೇಕು.

ಬಟನ್‌ಗಳನ್ನು ಫೋಟೋ ನೋಡಿ ಅಳೆಯಲು ಆಗುವುದಿಲ್ಲ. ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್) ಚೆನ್ನಾಗಿದೆಯೇ ಅಂತ ನೋಡಲು ನನ್ನದೊಂದು ಕ್ರಮ ಇದೆ. ಬಲಕ್ಕೆ ಒತ್ತಿ ಹಿಡಿದು ಹೆಬ್ಬೆರಳನ್ನು ಸುಮ್ನೆ ಸ್ವಲ್ಪ ಮೇಲೆ ಕೆಳಗೆ ಹೊರಳಿಸುತ್ತೇನೆ. ಪಾತ್ರ ನೇರ ಓಡುತ್ತಲೇ ಇರಬೇಕು. ತಾನಾಗಿ ಬಗ್ಗಿದರೆ, ಮೂಲೆಗೆ ತಿರುಗಿದರೆ, ಆ ಡಿ-ಪ್ಯಾಡ್ ಒಳಗಿನ ರಬ್ಬರ್ ಸರಿ ಇಲ್ಲ. ಕುಣಿದು ಹಾರುವ ಆಟಗಳಲ್ಲಿ ಅದರ ನೋವು ಗೊತ್ತಾಗುತ್ತದೆ. ಸ್ಟಿಕ್ ಬೇಕಾದವರು ಹಾಲ್ ಎಫೆಕ್ಟ್ ಸ್ಟಿಕ್ ಇದೆಯೇ ಅಂತ ವಿಚಾರಿಸಿ. ಅದು ಅಯಸ್ಕಾಂತದಿಂದ ಅಳೆಯುತ್ತದೆ, ಒಳಗಿನ ಅಳತೆಯ ಭಾಗ ಉಜ್ಜಿ ಸವೆಯುವುದಿಲ್ಲ. ಉಜ್ಜುವ ಥರದ ಸ್ಟಿಕ್ ಸವೆದಾಗ ಬೆರಳು ಇಡದಿದ್ದರೂ ಪಾತ್ರ ನಡೆಯತೊಡಗುತ್ತದೆ. ಅದನ್ನೇ ಡ್ರಿಫ್ಟ್ ಅನ್ನುವುದು.

ನನ್ನಂತೆ ಸ್ವಲ್ಪ ಸ್ವಲ್ಪ ಹೊತ್ತು ಆಡುವವರಿಗೆ ಬ್ಯಾಟರಿಗಿಂತ ಸ್ಲೀಪ್ ಮುಖ್ಯ. ಬಟನ್ ಒತ್ತಿದ ಕೂಡಲೇ ನಿಲ್ಲಬೇಕು, ಮತ್ತೆ ಒತ್ತಿದರೆ ಅಲ್ಲಿಂದಲೇ ಶುರುವಾಗಬೇಕು. ಈ ಲಿನಕ್ಸ್ ಮೆಷಿನ್‌ಗಳಲ್ಲಿ ಕೆಲವು ಸ್ಲೀಪ್‌ನಲ್ಲೂ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತವೆ. ಆದರೆ ಮೆಷಿನ್ ಜೊತೆ ಬಂದ ಸಾಫ್ಟ್‌ವೇರ್ ಬದಲು ಹಾಕಿಕೊಳ್ಳಲು ಬಳಕೆದಾರರೇ ಸೇರಿ ಮಾಡಿದ ಉಚಿತ ಸಿಸ್ಟಮ್‌ಗಳಿವೆ. ಮಿಯೂ ಮಿನಿಗೆ ಆನಿಯನ್, ಆನ್‌ಬರ್ನಿಕ್‌ನ ಹಲವು ಮಾಡೆಲ್‌ಗಳಿಗೆ ಮ್ಯೂಓಎಸ್. ಆನಿಯನ್ ಅಂತೂ ಆಫ್ ಮಾಡುವಾಗ ಆಟವನ್ನು ಇದ್ದಲ್ಲೇ ಉಳಿಸಿ, ಆನ್ ಮಾಡಿದರೆ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಒಂದು ಮೆಷಿನ್‌ಗೆ ಇಂಥ ಸಿಸ್ಟಮ್ ಇದೆಯೇ ಅನ್ನುವುದನ್ನು ಪ್ರೊಸೆಸರ್‌ಗಿಂತ ಮೊದಲು ನೋಡುವವಳು ನಾನು.

ಆಟಗಳು ಎಲ್ಲಿಂದ ಬರಬೇಕು? ಈ ಮೆಷಿನ್‌ಗಳ ಜೊತೆ ಸಾವಿರಾರು ಆಟ ತುಂಬಿದ ಕಾರ್ಡ್ ಕೊಡುವ ಮಾರಾಟಗಾರರು ಬಹಳ. ಆಟದ ಒಡೆಯರ ಒಪ್ಪಿಗೆ ಅವಕ್ಕೆ ಇರುವುದಿಲ್ಲ. ನನಗೆ ಅದು ಬೇಡ. ನನ್ನ ಹಳೇ ಕಾರ್ಟ್ರಿಡ್ಜ್‌ಗಳನ್ನು (ಆಟ ತುಂಬಿದ, ಮೆಷಿನ್‌ಗೆ ಸಿಕ್ಕಿಸುವ ಬಿಲ್ಲೆಗಳನ್ನು) ಓದಿ ಕಂಪ್ಯೂಟರಿಗೆ ಇಳಿಸುವ ಒಂದು ಪುಟ್ಟ ಸಾಧನ ಇಟ್ಟುಕೊಂಡಿದ್ದೇನೆ. ಇವತ್ತಿಗೂ ಗೇಮ್ ಬಾಯ್‌ಗೆ ಹೊಸ ಆಟ ಬರೆಯುವವರಿದ್ದಾರೆ, ಜಿಬಿ ಸ್ಟುಡಿಯೋ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ. ಅವರ ಆಟಗಳನ್ನು ಅವರಿಂದಲೇ ಕೊಳ್ಳಬಹುದು, ಕೆಲವನ್ನು ಉಚಿತವಾಗಿಯೇ ಕೊಡುತ್ತಾರೆ. ಇನ್ನೊಂದು ಮಾತು. ಪಟ್ಟಿಯಲ್ಲಿ ಹತ್ತು ಸಾವಿರ ಆಟ ಇದ್ದರೆ ಯಾವುದನ್ನೂ ಮುಗಿಸಲು ಮನಸ್ಸು ಬರುವುದಿಲ್ಲ. ನನ್ನ ಕಾರ್ಡ್‌ನಲ್ಲಿ ಕೈಬೆರಳಲ್ಲಿ ಎಣಿಸುವಷ್ಟೇ ಇವೆ.

ಅಕ್ಕನ ಮಗನ ವಿಷಯ ಪೂರ್ತಿ ಬೇರೆ. "ಚಿಕ್ಕಮ್ಮ, ನನ್ನ ಫ್ರೆಂಡ್ಸೆಲ್ಲ ಪೋಕೆಮಾನ್ ಬದಲಾಯಿಸಿಕೊಳ್ತಾರೆ, ನನಗೂ ಅದೇ ಬೇಕು" ಅಂದ. ಅವನಿಗೆ ನನ್ನ ಮೆಷಿನ್ ಕೊಟ್ಟರೆ ಏನು ಪ್ರಯೋಜನ? ಗೆಳೆಯರ ಜೊತೆ ಆಡುವುದೇ ಅವನ ಆಟ. ಅಂಥವರಿಗೆ 2019ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಲೈಟ್ ಸರಿ. 5.5 ಇಂಚಿನ ಸ್ಕ್ರೀನ್, 275 ಗ್ರಾಂ ತೂಕ, ಮಕ್ಕಳ ಕೈಗೆ ಹಗುರ. ಅದು ಬಿಟ್ಟಿರುವುದು ಎರಡು. ಟಿವಿಗೆ ಜೋಡಿಸಲು ಬರುವುದಿಲ್ಲ, ಪಕ್ಕದ ಕಂಟ್ರೋಲರ್‌ಗಳು ಕಳಚುವುದಿಲ್ಲ. ಟಿವಿ ಮುಂದೆ ನಾಲ್ಕು ಜನ ಕೂತು ಆಡುವ ಮನೆಗೆ ಇದು ಬೇಡವೇ ಬೇಡ. ಸ್ಟಿಕ್ ಕೂಡ ಉಜ್ಜುವ ಥರದ್ದೇ, ಕಂಟ್ರೋಲರ್ ಕಳಚದ ಕಾರಣ ರಿಪೇರಿಗೆ ಇಡೀ ಮೆಷಿನ್ ಬಿಚ್ಚಬೇಕು.

ಅಕ್ಕನಿಗೆ ನಾನು ಒತ್ತಿ ಹೇಳಿದ್ದು ಆಟಗಳ ಖರ್ಚಿನ ಬಗ್ಗೆ. ನಿಂಟೆಂಡೊ ತಾನೇ ಮಾಡಿದ ಆಟಗಳ ಬೆಲೆ ವರ್ಷಗಳಾದರೂ ಅಷ್ಟಾಗಿ ಇಳಿಯುವುದಿಲ್ಲ. ನಾಲ್ಕಾರು ಆಟ ಕೊಳ್ಳುವಷ್ಟರಲ್ಲಿ ಮೆಷಿನ್‌ನಷ್ಟೇ ದುಡ್ಡು ಹೋಗಿರುತ್ತದೆ. ಹಾಗಾಗಿ ಡೌನ್‌ಲೋಡ್ ಬೇಡ, ಕಾರ್ಟ್ರಿಡ್ಜ್ ಕೊಳ್ಳಿ. ಮುಗಿಸಿದ ಮೇಲೆ ಮಾರಬಹುದು, ಗೆಳೆಯರ ಜೊತೆ ಅದಲುಬದಲು ಮಾಡಬಹುದು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲಿ ಹಳೇ ಸ್ವಿಚ್ ಕಾರ್ಟ್ರಿಡ್ಜ್‌ಗಳು ಬಹುತೇಕ ನಡೆಯುತ್ತವೆ. ಮುಂದೆ ಮೆಷಿನ್ ಬದಲಾದರೂ ಆಟಗಳು ಉಳಿಯುತ್ತವೆ. ಸ್ವಿಚ್ ಲೈಟ್‌ನ ಒಳಗಿನ ಜಾಗ 32 ಜಿಬಿ ಅಷ್ಟೇ, ಒಂದು ಮೆಮೊರಿ ಕಾರ್ಡ್ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇಂಟರ್ನೆಟ್‌ನಲ್ಲಿ ಬೇರೆಯವರ ಜೊತೆ ಆಡಲು ಹೆಚ್ಚಿನ ಆಟಗಳಿಗೆ ಚಂದಾ ಬೇಕು, ಅದನ್ನೂ ಸೇರಿಸಿಕೊಳ್ಳಿ.

ಕಂಪ್ಯೂಟರ್ ಆಟಗಳನ್ನು ಓಡಿಸುವ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ ಅಗ್ಗದ್ದಲ್ಲ. ಆದರೂ ಕಂಪ್ಯೂಟರಿನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿ ಬಳಸಿ ವರ್ಷಾನುಗಟ್ಟಲೆ ಆಟ ಕೂಡಿಟ್ಟವರಿಗೆ ಅದು ದುಬಾರಿಯೂ ಅಲ್ಲ, ಅಲ್ವಾ? ಹೊಸದಾಗಿ ಒಂದು ಆಟವನ್ನೂ ಕೊಳ್ಳಬೇಕಿಲ್ಲ. 2022ರ ಮೊದಲ ಮಾಡೆಲ್‌ನ ತೂಕ 669 ಗ್ರಾಂ. ಮಲಗಿ ಆಡುವವರು ಇದನ್ನು ನೆನಪಿಡಿ.

ಹಳೇದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ಆಸೆ ನನಗೂ ಇದೆ. ನಿಂಟೆಂಡೊ ಡಿಎಸ್ ಆಟಗಳಿಗಂತೂ ಎರಡು ಸ್ಕ್ರೀನ್‌ನ ಮೂಲ ಮೆಷಿನ್‌ಗೆ ಸಾಟಿ ಇಲ್ಲ. ಡಿಎಸ್ ನಂತರ ಬಂದ 3ಡಿಎಸ್ ಕೊಳ್ಳುವುದಾದರೆ ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದೆ, ಹೊಸ ಆಟ ಬೇಕಾದರೆ ಕಾರ್ಟ್ರಿಡ್ಜ್ ಒಂದೇ ದಾರಿ. ಅದಕ್ಕೆ ಪ್ರದೇಶದ ಬೀಗವೂ ಇದೆ, ಒಂದು ಪ್ರದೇಶದ ಮೆಷಿನ್‌ನಲ್ಲಿ ಇನ್ನೊಂದರ ಆಟ ಓಡುವುದಿಲ್ಲ. ಪಿಎಸ್‌ಪಿ ಆದರೆ ಹಿಂದಿನ ಮುಚ್ಚಳ ತೆಗೆಸಿ ಬ್ಯಾಟರಿ ಉಬ್ಬಿದೆಯೇ ನೋಡಿ, ಉಬ್ಬಿದ್ದನ್ನು ಚಾರ್ಜ್‌ಗೆ ಹಾಕಲೇಬೇಡಿ. ಸೋನಿಯ ಇನ್ನೊಂದು ಹ್ಯಾಂಡ್‌ಹೆಲ್ಡ್ ವೀಟಾಗೆ ಅದರದ್ದೇ ಮೆಮೊರಿ ಕಾರ್ಡ್ ಬೇಕು, ಸಾಮಾನ್ಯ ಕಾರ್ಡ್ ಹಿಡಿಸುವುದಿಲ್ಲ. ಕಾರ್ಡ್ ಜೊತೆಗೇ ಕೊಡುವವರಿಂದ ಮಾತ್ರ ಕೊಳ್ಳಿ.

ದುಡ್ಡು ತೀರಾ ಕಡಿಮೆ ಇದ್ದರೆ? ಫೋನ್ ಇದೆಯಲ್ಲ. ಅದನ್ನು ಎರಡೂ ಕಡೆಯಿಂದ ಹಿಡಿಯುವ ಕಂಟ್ರೋಲರ್ ಸಾಕು. ಬ್ಲೂಟೂತ್‌ಗಿಂತ ಚಾರ್ಜಿಂಗ್ ಕಿಂಡಿಗೆ ನೇರ ಸಿಕ್ಕಿಸುವಂಥದ್ದು ಒಳ್ಳೆಯದು, ಒತ್ತಿದ್ದು ತಡವಿಲ್ಲದೆ ತಲುಪುತ್ತದೆ. ಆಪಲ್ ಕೂಡ 2024ರ ಏಪ್ರಿಲ್‌ನಿಂದ ಹಳೇ ಆಟದ ಎಮ್ಯುಲೇಟರ್‌ಗಳನ್ನು ಆಪ್ ಸ್ಟೋರ್‌ಗೆ ಬಿಟ್ಟಿದೆ. ಕೆಲಸದ ಮೆಸೇಜ್‌ಗಳು ಮಧ್ಯೆ ಬರುವುದು ನನಗೆ ಹಿಡಿಸದು, ಅದಕ್ಕೇ ನನಗೆ ಬೇರೆ ಮೆಷಿನ್ ಬೇಕಾಯಿತು. ನಿಮಗೆ ಅದು ಅಡ್ಡಿಯಲ್ಲದಿದ್ದರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. "400 ಇನ್ 1" ಅಂತ ಬರೆದಿರುವ ಪುಟ್ಟ ಡಬ್ಬಿಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಒಂದೇ ಆಟ ಬೇರೆ ಬೇರೆ ಹೆಸರಲ್ಲಿ ಬರುತ್ತದೆ, ಹೊಸ ಆಟ ಸೇರಿಸಲು ದಾರಿಯೂ ಇರುವುದಿಲ್ಲ.

ಮೆಷಿನ್ ಕೈಗೆ ಬಂದ ದಿನ ಮಾಡಬೇಕಾದ್ದು ಸ್ವಲ್ಪ ಇದೆ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಪಿಕ್ಸೆಲ್ ಇದೆಯೇ ನೋಡಿ. ಎಲ್ಲಾ ಬಟನ್ ಒತ್ತಿ ನೋಡಿ, ಭುಜದ ಬಟನ್ ಮರೆಯಬೇಡಿ. ಚಾರ್ಜ್ ಆಗದಿದ್ದರೆ ಗಾಬರಿ ಬೇಡ. ಅಗ್ಗದ ಮೆಷಿನ್‌ಗಳಲ್ಲಿ ಕೆಲವು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಿಂದ ಕರೆಂಟ್ ತೆಗೆದುಕೊಳ್ಳುವುದಿಲ್ಲ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿದರೆ ಆಗುತ್ತದೆ. ಜೊತೆಗೆ ಬಂದ ಮೆಮೊರಿ ಕಾರ್ಡ್‌ಗೆ ಹೆಸರಿಲ್ಲದಿದ್ದರೆ ಅದನ್ನು ಅವತ್ತೇ ಕಾಪಿ ಮಾಡಿ, ಒಳ್ಳೆಯ ಕಂಪನಿಯ ಕಾರ್ಡ್‌ಗೆ ಹಾಕಿಕೊಳ್ಳಿ. ಅಂಥ ಕಾರ್ಡ್‌ಗಳು ಹೇಳದೆ ಕೇಳದೆ ಕೈಕೊಡುತ್ತವೆ, ಆಗ ಸೇವ್ ಮಾಡಿದ ಆಟವೆಲ್ಲ ಹೋಗುತ್ತದೆ. ಇದಿಷ್ಟೂ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಆಗಿರಲಿ.