ಹಾಲು ಬೇಡದ ಚಹಾ

ಡಾರ್ಜಿಲಿಂಗಿನ ಮೊದಲ ಕೊಯ್ಲಿನ ಚಹಾಕ್ಕೆ ಹಾಲು ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಿತ್ತ ಆ ಚಿಗುರು ಹೆಸರಿಗಷ್ಟೇ ಕಪ್ಪು ಚಹಾ. ಲೋಟದಲ್ಲಿ ತಿಳಿ ಹೊಂಬಣ್ಣ, ಮೂಗಿಗೆ ಹೂವಿನ ಘಮ. ಕುದಿಯುತ್ತಿರುವ ನೀರನ್ನೇ ಹಾಕಿದರೆ ಒಗರು ಮುಂದೆ ಬಂದು ಘಮ ಹಿಂದೆ ಸರಿಯುತ್ತದೆ. ಒಲೆ ಆರಿಸಿ, ಕುದಿ ಅಡಗಿದ ಮೇಲೆ ಎಲೆ ಹಾಕಿ, ಮೂರು ನಿಮಿಷಕ್ಕೆ ಸೋಸಿಬಿಡಬೇಕು. ಅದೇ ತೋಟದ ಮೇ, ಜೂನ್ ಕೊಯ್ಲಿಗೆ ಬಣ್ಣ ಗಾಢ, ಮಾಗಿದ ದ್ರಾಕ್ಷಿಯ ಸುವಾಸನೆ. ಎಲೆಯ ರಸ ಹೀರುವ ಪುಟ್ಟ ಜಿಗಿಹುಳುಗಳಿಗೆ ಗಿಡ ಒಡ್ಡುವ ಪ್ರತಿರೋಧವೂ ಆ ಸುವಾಸನೆಗೆ ಒಂದು ಕಾರಣವಂತೆ. ಕೀಟದ ಉಪಟಳಕ್ಕೆ ನಾವು ಹೆಚ್ಚಿನ ಬೆಲೆ ತೆರುತ್ತಿದ್ದೇವೆ!

ಅಸ್ಸಾಮಿನ ಎಲೆಗೆ ಇಂಥ ನಾಜೂಕಿಲ್ಲ. ಕುದಿ ನೀರು, ನಾಲ್ಕೈದು ನಿಮಿಷ, ಕಡು ಕೆಂಪು ಬಣ್ಣ. ಇದಕ್ಕೆ ಹಾಲು ಹಾಕಿದರೆ ನನ್ನ ತಕರಾರಿಲ್ಲ. ನಮ್ಮ ಅಡುಗೆಮನೆಯ ಡಬ್ಬದಲ್ಲಿರುವ ಸಿಟಿಸಿ ಪುಡಿಯಂತೂ ಹಾಲು, ಸಕ್ಕರೆಯ ಜೊತೆಗೇ ಸರಿ. ಹಲ್ಲುಗಳಿರುವ ರೋಲರುಗಳ ನಡುವೆ ಎಲೆ ಜಜ್ಜಿ, ಹರಿದು, ಕಾಳಾಗಿ ಸುರುಳಿಗೊಂಡಿರುವುದರಿಂದ ರಸವನ್ನು ಬೇಗ ಬಿಡುತ್ತದೆ. ನೀಲಗಿರಿಯದು ತಣ್ಣಗಾದರೂ ಕದಡುವುದಿಲ್ಲ. ನಿಂಬೆ ಹಿಂಡಿ ಕುಡಿಯಲು ನನಗೆ ಅದೇ ಬೇಕು.

ಕಾಫಿಯ ಮನೆತನದಲ್ಲಿ ಹುಟ್ಟಿ ಇದೇನು ಹುಚ್ಚು ಎಂದು ಅಮ್ಮ ಕೇಳುತ್ತಾಳೆ. ಕಾಫಿಯ ಚಿಕ್ಕಮಗಳೂರು ಜಿಲ್ಲೆಯಲ್ಲೂ ಚಹಾ ತೋಟವಿದೆಯಮ್ಮಾ ಎಂದರೆ ನಂಬುವುದಿಲ್ಲ. ಈಗ ಚೀನಾದ ಲಾಪ್ಸಾಂಗ್ ಸೂಚಾಂಗ್ ತರಿಸಿದ್ದೇನೆ, ಪೈನ್ ಮರದ ಹೊಗೆಯಲ್ಲಿ ಒಣಗಿಸಿದ್ದು. ಕುದಿಸುವ ಮುಂಚೆ ಕಿಟಕಿ ತೆರೆ ಎಂದು ಅಪ್ಪಣೆಯಾಗಿದೆ.