ತಿಂಗಳಿಗೆ ಎಷ್ಟು ದುಡ್ಡು ಹಾಕಬೇಕು?

ಮಕ್ಕಳನ್ನು ಬೆಂಗಳೂರಿಗೋ ಮೈಸೂರಿಗೋ ಇಂಜಿನಿಯರಿಂಗ್‌ಗೆ ಕಳಿಸಿದ ಅಪ್ಪ-ಅಮ್ಮ ಎಲ್ಲರೂ ಕೇಳುವ ಪ್ರಶ್ನೆ ಇದು. ಊರು, ಪಿಜಿ ನೋಡಿದರೆ ಮೊತ್ತ ನಿಮಗೇ ತಿಳಿಯುತ್ತದೆ. ಎಡವಟ್ಟಾಗುವುದು ದುಡ್ಡು ಹಾಕುವ ಕ್ರಮದಲ್ಲಿ. ಬಾಡಿಗೆ, ರೀಚಾರ್ಜ್, ಬಸ್ ಪಾಸು ಎಲ್ಲವನ್ನೂ ಅಪ್ಪನೇ ಕಟ್ಟಿ, ಕೈಖರ್ಚಿಗೆಂದು 3,000 ಕೊಟ್ಟರೆ ಅದನ್ನು ಎರಡೇ ದಿನಕ್ಕೆ ಮುಗಿಸಿದರೂ ಹುಡುಗನಿಗೆ ಏನೂ ಆಗುವುದಿಲ್ಲ. ಊಟ, ಹಾಸಿಗೆ ಹೇಗೂ ಭದ್ರ. ಬಾಡಿಗೆಯೂ ಅವನ ಕೈಯಿಂದಲೇ ಹೋಗಬೇಕು.

ಮೊದಲ ಸೆಮಿಸ್ಟರ್‌ನಲ್ಲಿ ವಾರಕ್ಕೊಮ್ಮೆ ಹಾಕಿ. ಎರಡನೆಯದರಿಂದ ಬಾಡಿಗೆ ಸೇರಿಸಿ 1ನೇ ತಾರೀಕಿಗೆ ಒಂದೇ ಸಲ. ಮೂರನೇ ವರ್ಷಕ್ಕೆ ಪರೀಕ್ಷಾ ಶುಲ್ಕ, ಪುಸ್ತಕ, ಬಟ್ಟೆ ಎಲ್ಲ ಸೇರಿಸಿ ಇಡೀ ಸೆಮಿಸ್ಟರ್‌ನದು. ಖಾತೆ ಎರಡಿರಲಿ. ದುಡ್ಡು ಬೀಳುವ ಖಾತೆಗೆ ಯುಪಿಐ ಬೇಡ. ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ವಾರದ ಪಾಲನ್ನು ಪ್ರತಿ ಭಾನುವಾರ ಯುಪಿಐ ಇರುವ ಖಾತೆಗೆ ಅವನೇ ದಾಟಿಸಿಕೊಳ್ಳಲಿ. ಸ್ಕ್ಯಾನ್ ಮಾಡಿದ 40 ರೂಪಾಯಿ ಟೀ-ಬನ್ನು ಲೆಕ್ಕಕ್ಕೇ ಬರುವುದಿಲ್ಲ. ಗುರುವಾರಕ್ಕೆ ಖಾತೆ ಬರಿದಾದಾಗ ಬರುತ್ತದೆ.

ನಿಮ್ಮ ಖಾತೆಯಿಂದಲೇ ಮಗ ಯುಪಿಐ ಮಾಡಲು ಬಿಡುವ ಯುಪಿಐ ಸರ್ಕಲ್ ಸಾಲದೇ ಎನ್ನುವವರಿದ್ದಾರೆ. ತಿಂಗಳಿಗೆ 15,000ದವರೆಗೆ ಮಿತಿ ಹಾಕಿಕೊಡಬಹುದು, ನಿಜ. ಆದರೆ ಹೋಗುವುದು ನಿಮ್ಮ ಖಾತೆಯ ದುಡ್ಡು. ಉಳಿಸಿದರೆ ಅವನಿಗೇನು ಸಿಕ್ಕಿತು? ಉಳಿದದ್ದು ಅವನದೇ ಆಗದಿದ್ದರೆ ಯಾರೂ ಉಳಿಸುವುದಿಲ್ಲ.

22ನೇ ತಾರೀಕಿಗೆ ದುಡ್ಡು ಮುಗಿಯಿತೆಂದು ಮಗನ ಫೋನ್ ಬರುತ್ತದೆ. ಅಪ್ಪ "ಆಗಲ್ಲ" ಅಂದ ಹತ್ತು ನಿಮಿಷಕ್ಕೆ ಅಮ್ಮ ಗುಟ್ಟಾಗಿ ಫೋನ್‌ಪೇ ಮಾಡಿರುತ್ತಾರೆ. ಬಹಳ ಮನೆಗಳಲ್ಲಿ ವ್ಯವಸ್ಥೆ ಮುರಿಯುವುದು ಇಲ್ಲೇ. ಕೊಡಲೇಬೇಕಾದರೆ ಮುಂಗಡವೆಂದು ಕೊಟ್ಟು ಮುಂದಿನ ಎರಡು ತಿಂಗಳಲ್ಲಿ ಅರ್ಧರ್ಧ ಹಿಡಿದುಕೊಳ್ಳಿ. ಆಸ್ಪತ್ರೆ ಖರ್ಚಿಗೆ ಮಾತ್ರ ಈ ಲೆಕ್ಕ ಬೇಡ.

ದುಡಿಯಲಿ ಅನ್ನುವವರು ಹಾಜರಾತಿ ಮರೆಯಬೇಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಳುವುದು 85%. ಎರಡನೇ ವರ್ಷದಿಂದ ಶನಿವಾರ-ಭಾನುವಾರ ಸೇರಿ ಎಂಟು ಗಂಟೆಯ ಟ್ಯೂಷನ್ ಸಾಕು. ರಾತ್ರಿ ಡೆಲಿವರಿಗೆ ಹೋದರೆ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಬೀಳುತ್ತದೆ. ಗಳಿಸಿದಷ್ಟನ್ನು ನೀವು ಕೊಡುವುದರಲ್ಲಿ ಕಡಿತ ಮಾಡಬೇಡಿ. ಮಾಡಿದರೆ ಗಳಿಕೆಯನ್ನೇ ಮುಚ್ಚಿಡುತ್ತಾನೆ.

ಆ ಗಳಿಕೆಗೆ ಒಳ್ಳೆಯ ದಾರಿ ಶಿಕ್ಷಣ ಸಾಲದ ಬಡ್ಡಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ 10% ಎಂದಿಟ್ಟುಕೊಳ್ಳಿ. ಓದುವಾಗ, ನಂತರದ ಒಂದು ವರ್ಷ ಕಂತು ಇಲ್ಲದಿದ್ದರೂ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಕಂತು ಶುರುವಾಗುವ ಹೊತ್ತಿಗೆ ಸಾಲ 5.4 ಲಕ್ಷ, ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 8,960. ಬಡ್ಡಿಯನ್ನು ಆಗಾಗಲೇ ತೀರಿಸಿದ್ದರೆ ಸುಮಾರು 6,640. ಮೊದಲ ವರ್ಷ ಕಟ್ಟಬೇಕಾದ ಬಡ್ಡಿ ತಿಂಗಳಿಗೆ 833 ರೂಪಾಯಿ, ಅಷ್ಟೇ. ಅಷ್ಟನ್ನು ನೀವು ಕಟ್ಟಿ. ಗಳಿಕೆ ಶುರುವಾದ ಮೇಲೆ ಅವನು ಕೈಜೋಡಿಸಲಿ. ಸಾಲಕ್ಕೆ ಜೊತೆಗೆ ಸಹಿ ಹಾಕಿದ್ದರೆ, ಮುಂದೆ ಕಂತು ತಪ್ಪಿದಾಗ ಸಾಲ ಕೊಡುವ ಮುನ್ನ ಬ್ಯಾಂಕುಗಳು ನೋಡುವ ನಿಮ್ಮ ಸಿಬಿಲ್ ಅಂಕವೂ ಕುಸಿಯುತ್ತದೆ.

ಇನ್ನೊಂದನ್ನು ಮೊದಲ ದಿನವೇ ಹೇಳಿ. "ನಿನ್ನ ಅಕೌಂಟು, ಎಟಿಎಂ ಕಾರ್ಡು ಕೊಡು, ತಿಂಗಳಿಗೆ ಕಮಿಷನ್ ಕೊಡ್ತೀನಿ" ಎನ್ನುವವರು ಹಾಸ್ಟೆಲ್ ಸುತ್ತಮುತ್ತ ಸಿಗುತ್ತಾರೆ. ಸೈಬರ್ ವಂಚನೆಯ ಹಣ ಆ ಖಾತೆಯಲ್ಲಿ ಹಾದುಹೋಗುತ್ತದೆ. ಖಾತೆ ಫ್ರೀಜ್ ಆಗುವುದು, ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನೇ.