ಒಂದೇ ಒಂದು ಬದಲಾಯಿಸಿ ಅಂದರೆ? ಫಾರಂ 7

ಸಾಹಿತ್ಯದ ಕಾರ್ಯಕ್ರಮದಲ್ಲಿ ಕೊನೆಗೆ ಮೈಕು ಸಭಿಕರ ಕೈಗೆ ಹೋಯಿತೆಂದರೆ ಮಾತು ಕಾದಂಬರಿ ಬಿಟ್ಟು ಚುನಾವಣೆಗೆ ಬರುತ್ತದೆ. "ಮೇಡಂ, ಚುನಾವಣಾ ಸುಧಾರಣೆ ಅಂತ ಬರೀತಾನೇ ಇರ್ತೀರಿ. ಒಂದೇ ಒಂದು ಬದಲಾಯಿಸೋಕೆ ಬಿಟ್ರೆ ಏನು ಬದಲಾಯಿಸ್ತೀರಿ?" ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ. ಮುಸ್ಲಿಂ ಲೇಖಕಿ ಅಂದಮೇಲೆ ಮೀಸಲು ಸೀಟು ಕೇಳಬೇಕು, ಇಲ್ಲವೇ ಇವಿಎಂ ಬೇಡ ಅನ್ನಬೇಕು. ನನ್ನ ಉತ್ತರ ಫಾರಂ 7. ಅದನ್ನು ಮೈಕಿನ ಮುಂದೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಆದ್ದರಿಂದ ಇಲ್ಲಿ.

ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ಫಾರಂ 6. ತಪ್ಪು ತಿದ್ದಿಸಲು, ಮನೆ ಬದಲಾದದ್ದನ್ನು ತಿಳಿಸಲು, ಕಳೆದ ಕಾರ್ಡಿನ ಬದಲು ಇನ್ನೊಂದು ಪಡೆಯಲು ಫಾರಂ 8. ಪಟ್ಟಿಯಲ್ಲಿರುವ ಹೆಸರನ್ನು ತೆಗೆಸಲು ಫಾರಂ 7. ಇದನ್ನು ಅದೇ ವಿಧಾನಸಭಾ ಕ್ಷೇತ್ರದ ಯಾವ ಮತದಾರರು ಬೇಕಾದರೂ ಇನ್ನೊಬ್ಬರ ಮೇಲೆ ಹಾಕಬಹುದು. ತೀರಿಕೊಂಡಿದ್ದಾರೆ, ಮನೆ ಬಿಟ್ಟು ಹೋಗಿದ್ದಾರೆ, ಎರಡು ಕಡೆ ಹೆಸರಿದೆ, ವಯಸ್ಸು ಸಾಲದು, ಭಾರತದ ಪ್ರಜೆಯಲ್ಲ: ಇವುಗಳಲ್ಲಿ ಒಂದು ಕಾರಣಕ್ಕೆ ಗುರುತು ಹಾಕಿದರೆ ಆಯಿತು. ಶುಲ್ಕವಿಲ್ಲ. ಯಾರ ಹೆಸರು ಹೊಡೆಸುತ್ತಿದ್ದೀರೋ ಅವರ ಮುಖ ನೋಡಬೇಕಾಗಿಲ್ಲ.

ಇದರ ಪಕ್ಕಕ್ಕೆ ಮತಗಟ್ಟೆಯೊಳಗಿನ ಒಂದು ಹಳೆಯ ಪದ್ಧತಿಯನ್ನು ಇಟ್ಟು ನೋಡಿ. ಓಟು ಹಾಕಲು ಬಂದವರನ್ನು ಪಕ್ಷದ ಏಜೆಂಟು "ಇವರು ಅವರಲ್ಲ" ಎಂದು ತಡೆಯಬಹುದು. ಆದರೆ 1961ರ ನಿಯಮದ ಪ್ರಕಾರ ಹಾಗೆ ತಡೆಯುವ ಮೊದಲು ಅಧ್ಯಕ್ಷಾಧಿಕಾರಿಯ ಮೇಜಿನ ಮೇಲೆ ಎರಡು ರೂಪಾಯಿ ನಗದು ಇಡಬೇಕು. ಅಧಿಕಾರಿ ಪಟ್ಟಿಯ ಆ ಸಾಲನ್ನು ಗಟ್ಟಿಯಾಗಿ ಓದಿ, ಬಂದವರನ್ನು "ಇದು ನೀವೇನಾ?" ಎಂದು ಕೇಳುತ್ತಾರೆ. ತಡೆದವರಿಂದ ಪುರಾವೆ ಕೇಳುತ್ತಾರೆ. ಪುರಾವೆ ಇಲ್ಲದಿದ್ದರೆ ಓಟು ಬೀಳುತ್ತದೆ. ಸುಮ್ಮನೆ ತೊಂದರೆ ಕೊಡಲು ತಡೆದದ್ದು ಎಂದು ಕಂಡರೆ ಆ ಎರಡು ರೂಪಾಯಿ ಸರ್ಕಾರದ ಪಾಲು. ಹಣ ಎಷ್ಟೆಂಬುದು ಇಲ್ಲಿ ದೊಡ್ಡದಲ್ಲ. ಅನುಮಾನ ಪಟ್ಟವರು ಎದುರಿಗೆ ನಿಲ್ಲಬೇಕು, ಅನುಮಾನಕ್ಕೆ ಕಾರಣ ಅವರೇ ಕೊಡಬೇಕು. ಒಂದು ದಿನದ ಓಟು ತಡೆಯುವುದಕ್ಕೆ ಇಷ್ಟು ಬಿಗಿ, ಹೆಸರನ್ನೇ ಪಟ್ಟಿಯಿಂದ ಹೊಡೆಯುವುದಕ್ಕೆ ಫೋನಿನಲ್ಲಿ ಒಂದು ಒತ್ತು. ನನಗೆ ಬೇಕಾದ ಸುಧಾರಣೆ ಈ ತಲೆಕೆಳಗನ್ನು ನೆಟ್ಟಗೆ ಮಾಡುವುದು.

ಕಾನೂನಿನಲ್ಲಿ ರಕ್ಷಣೆ ಇಲ್ಲವೆಂದಲ್ಲ. ಹೆಸರು ತೆಗೆಯುವ ಮೊದಲು ನೋಟಿಸು ಕೊಟ್ಟು ಮಾತಾಡಲು ಅವಕಾಶ ಕೊಡಬೇಕು. ಬಂದ ಅರ್ಜಿಗಳ ಪಟ್ಟಿಯನ್ನು ಪ್ರಕಟಿಸಬೇಕು, ಫಾರಂ 7ರ ಅರ್ಜಿಗಳದ್ದು ನಮೂನೆ 10ರಲ್ಲಿ. ಸುಳ್ಳು ಹೇಳಿಕೆಗೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಶಿಕ್ಷೆಯೂ ಇದೆ. ತೊಂದರೆ ಬರುವುದು ನೋಟಿಸು ಅಂಟಿಸುವ ಬಾಗಿಲಲ್ಲಿ. ಬೆಂಗಳೂರಿನ ಬಾಡಿಗೆ ಕರಾರು 11 ತಿಂಗಳದ್ದು. ನೋಂದಣಿ ಮಾಡಿಸುವ ಖರ್ಚು ತಪ್ಪಲಿ ಅಂತಲೇ 12ಕ್ಕೆ ಒಂದು ಕಮ್ಮಿ. ಹೊಸ ವಿಳಾಸಕ್ಕೆ ಬಾಡಿಗೆ ಕರಾರನ್ನೇ ದಾಖಲೆಯಾಗಿ ಕೊಡುವುದಾದರೆ ಫಾರಂ 8 ಕೇಳುವುದು ನೋಂದಾಯಿತ ಕರಾರನ್ನು. ಬೆಸ್ಕಾಂ ಬಿಲ್ಲು ಓನರ್ ಹೆಸರಲ್ಲಿ, ಗ್ಯಾಸು ಊರಿನ ಮನೆಯಲ್ಲಿರುವ ಅತ್ತೆಯ ಹೆಸರಲ್ಲಿ. ಹೀಗಾಗಿ ಗುರಪ್ಪನಪಾಳ್ಯದಿಂದ ತಿಲಕ್‌ನಗರಕ್ಕೆ ಬಂದ ಸಂಸಾರ ಮೂರು ಮನೆ ದಾಟಿದರೂ ಪಟ್ಟಿಯಲ್ಲಿ ಮೊದಲ ಮನೆಯಲ್ಲೇ ಇರುತ್ತದೆ. ನೋಟಿಸು ಅಲ್ಲಿಗೆ ಹೋಗುತ್ತದೆ, ಹೊಸ ಬಾಡಿಗೆದಾರರು "ಅವರು ಇಲ್ಲಿಲ್ಲ" ಅನ್ನುತ್ತಾರೆ. ಅವರು ಹೇಳಿದ್ದು ನಿಜವೇ. ಅಂಥ ದಾಖಲೆ ಯಾವುದೂ ಇಲ್ಲದವರ ಮನೆಗೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಂದು ಪರಿಶೀಲಿಸಬೇಕು ಎಂದು ಅದೇ ಫಾರಂನಲ್ಲಿ ಬರೆದಿದೆ. ಆ ಸಾಲನ್ನು ತೋರಿಸಿ ಕೇಳಿ. ದಾಖಲೆ ಇಲ್ಲ ಎಂದು ಅರ್ಜಿಯನ್ನೇ ಹಾಕದೆ ಬಿಡಬೇಡಿ.

ಇನ್ನು ಹೆಸರು. ಕಾದಂಬರಿ ಬರೆಯುವವರಿಗೆ ಪಾತ್ರದ ಹೆಸರು ಒಂದು ಪುಟದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೆ ಕರಡು ತಿದ್ದುವವರು ಬಿಡುವುದಿಲ್ಲ. ಮತದಾರರ ಪಟ್ಟಿಗೆ ಅಂಥವರು ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಟೈಪಾದದ್ದು ಕನ್ನಡಕ್ಕೆ ಯಂತ್ರದಲ್ಲಿ ತಿರುಗಿದಾಗ ಸಯ್ಯದ್ ಒಮ್ಮೆ ಸೈಯದ್, ಒಮ್ಮೆ ಸ್ಯೆದ್. ಮೊಹಮ್ಮದ್ ಎಂಬುದನ್ನು ಚಿಕ್ಕದಾಗಿ ಬರೆದಿದ್ದರೆ 'ಎಂಡಿ', ಯಾವುದೋ ಕಂಪನಿಯ ಆಡಳಿತ ನಿರ್ದೇಶಕರಂತೆ. ಫಾತಿಮಾ ಬೀ ಅಂದರೆ 'ಬೀ' ಹೆಸರಿನ ಭಾಗ. ಪಟ್ಟಿಯಲ್ಲಿ ಅದು 'ಫಾತಿಮಾ ಬಿ.' ಆಗಿ ಇನಿಷಿಯಲ್ ಆಗುತ್ತದೆ, ಆಧಾರಿನಲ್ಲಿ 'ಬಿ. ಫಾತಿಮಾ' ಎಂದು ಮುಂದಕ್ಕೆ ಬರುತ್ತದೆ. ನೂರುನ್ನೀಸಾ ಎರಡು ತುಂಡಾಗಿ 'ನೂರ್ ಉನ್ನೀಸ'. ಆಡುವ ಬಾಯಿಗೆ ಇವೆಲ್ಲ ಒಂದೇ, ಹುಡುಕುವ ಯಂತ್ರಕ್ಕೆ ನಾಲ್ಕು ಜನ.

ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಲಿಂಗ ಹೊಂದಿಕೆಯಾದರೆ ಆಯೋಗದ ತಂತ್ರಾಂಶ ಅವನ್ನು ಒಂದೇ ವ್ಯಕ್ತಿಯ ಎರಡು ದಾಖಲೆ ಇರಬಹುದೆಂದು ಎತ್ತಿ ತೋರಿಸುತ್ತದೆ. ಇಮ್ರಾನ್, ತಂದೆ ಅಬ್ದುಲ್ ರಹೀಮ್, ವಯಸ್ಸು 34 ಎಂಬವರು ಗೋರಿಪಾಳ್ಯದ ಒಂದೇ ಗಲ್ಲಿಯಲ್ಲಿ ಇಬ್ಬರಿದ್ದರೆ ಆಶ್ಚರ್ಯವೇನೂ ಇಲ್ಲ. ಆನೇಕಲ್ ಕಡೆ ಲಕ್ಷ್ಮಮ್ಮ, ಗಂಡ ಮುನಿಯಪ್ಪ ಎಂಬವರು ಎಷ್ಟು ಮಂದಿ ಇದ್ದಾರೆಂದು ಎಣಿಸಿ ನೋಡಿ. ಇದು ಮುಸ್ಲಿಮರ ಸಂಕಟ ಮಾತ್ರ ಎಂದು ನಾನು ಎಲ್ಲೂ ಹೇಳಿಲ್ಲ. ನಮ್ಮ ಕಡೆ ಬೇಗ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಯಂತ್ರ ಎತ್ತಿ ತೋರಿಸಿದ್ದನ್ನು ಬಿಎಲ್‌ಒ ಮನೆಗೆ ಹೋಗಿ ನೋಡಬೇಕು. ಹೋದರೆ ಇಬ್ಬರೂ ಉಳಿಯುತ್ತಾರೆ.

ಮದುವೆಯಾದ ಹೆಣ್ಣುಮಕ್ಕಳು ಮಾಡುವ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಗಂಡನ ಮನೆಗೆ ಬಂದಮೇಲೆ ಮತ್ತೆ ಫಾರಂ 6 ಹಾಕುತ್ತಾರೆ. ಹಾಕಬಾರದು. ಅದರ ಕೊನೆಯಲ್ಲಿ 'ಬೇರೆಲ್ಲೂ ನನ್ನ ಹೆಸರಿಲ್ಲ' ಎಂಬ ಘೋಷಣೆಗೆ ಸಹಿ ಮಾಡಿಸಿಕೊಳ್ಳುತ್ತಾರೆ, ಹೆಸರು ತವರಿನ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆಮೇಲೆ ಎರಡರಲ್ಲಿ ಒಂದು ಹೋಗುತ್ತದೆ, ಎಷ್ಟೋ ಸಲ ಬೇಕಾದದ್ದೇ ಹೋಗುತ್ತದೆ. ಹಳೆಯ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಹಾಕಿ ಫಾರಂ 8ರಲ್ಲಿ ವಿಳಾಸ ಬದಲಾಯಿಸಿದರೆ ಅದೇ ಸಂಖ್ಯೆ ಜೊತೆಗೆ ಬರುತ್ತದೆ.

"ಹಾಗಾದ್ರೆ ನಕಲಿ ಹೆಸರು ಹಾಗೇ ಇರ್ಲಾ?" ಎಂದು ಮುಂದಿನ ಪ್ರಶ್ನೆ. ಬೇಡ, ತೆಗೆಯಿರಿ. ಮಹದೇವಪುರದ ಪಟ್ಟಿಯಲ್ಲಿ ಲಕ್ಷಕ್ಕೂ ಮೀರಿ ಕಳ್ಳ ಓಟುಗಳಿವೆ ಎಂದು 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಆರೋಪಿಸಿದರು, ಆಯೋಗ ಒಪ್ಪಲಿಲ್ಲ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮೊದಲು ಆನ್‌ಲೈನಿನಲ್ಲಿ 6,018 ಫಾರಂ 7 ಬಂದವು. ಮನೆಮನೆಗೆ ಹೋಗಿ ನೋಡಿದಾಗ ಸರಿಯಿದ್ದದ್ದು 24. ಅರ್ಜಿದಾರರೆಂದು ಕಾಣಿಸಿದ ಕೆಲವರಿಗೆ ತಮ್ಮ ಹೆಸರಲ್ಲಿ ಅರ್ಜಿ ಹೋಗಿರುವುದೇ ಗೊತ್ತಿರಲಿಲ್ಲ. ಅಲ್ಲಿ ಉಳಿದ ಹೆಸರುಗಳು ಉಳಿದದ್ದು ಯಾರೋ ಬಾಗಿಲು ತಟ್ಟಿದ್ದರಿಂದ. ಅದಾಗಿ ಎರಡು ವರ್ಷದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ, ಆನ್‌ಲೈನ್ ಅರ್ಜಿಗೆ ಆಧಾರ್ ಒಟಿಪಿಯ ಸಹಿ ಬಂತು. ಒಳ್ಳೆಯದೇ. ಅದರಿಂದ ಅರ್ಜಿ ಹಾಕಿದವರು ಯಾರೆಂದು ಗೊತ್ತಾಗುತ್ತದೆ. ಅರ್ಜಿ ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. ಬೆಂಗಳೂರಿನದೇ ಬೇಕೆಂದರೆ 2022ರ ನವೆಂಬರ್ ಇದೆ. ಮತದಾರರ ಜಾಗೃತಿಗೆಂದು ಅನುಮತಿ ಪಡೆದ ಖಾಸಗಿ ಸಂಸ್ಥೆಯ ಜನ ಬಿಎಲ್‌ಒ ಕಾರ್ಡು ತೂಗುಹಾಕಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದ್ದು ಹೊರಬಿದ್ದಾಗ ಆಯೋಗ ಇಬ್ಬರು ಅಧಿಕಾರಿಗಳನ್ನು ಅಮಾನತು ಮಾಡಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ನೋಡಿ ಎಂದಿತು.

ನಾಲ್ಕಾರು ಹೆಸರು ಹೋದರೆ ಏನು ಮಹಾ ಎನ್ನುವವರಿಗೆ ಜಯನಗರ: 2023ರಲ್ಲಿ ಗೆಲುವಿನ ಅಂತರ 16 ಓಟು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಒಂದು, 40,752ಕ್ಕೆ 40,751. ಒಂದು ಗಲ್ಲಿಯ ಸ್ಪೆಲ್ಲಿಂಗು ಅಷ್ಟಾಗುತ್ತದೆ.

ಮೀಸಲು ಸೀಟು, ಪ್ರಮಾಣಾನುಗುಣ ಪ್ರಾತಿನಿಧ್ಯದ ವಿಷಯಕ್ಕೂ ಉತ್ತರ ಬಾಕಿ ಇಟ್ಟಿಲ್ಲ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು ಓಟು ಬಿದ್ದು 80 ಸೀಟು ಸಿಕ್ಕಿದವು, ಬಿಜೆಪಿಗೆ ಶೇ 36 ಬಿದ್ದು 104. 2011ರ ಜನಗಣತಿಯಲ್ಲಿ ರಾಜ್ಯದ ಮುಸ್ಲಿಮರು ಶೇ 12.92, 2023ರಲ್ಲಿ 224ರ ಸಭೆಗೆ ಆಯ್ಕೆಯಾದವರು ಒಂಬತ್ತು, ಎಲ್ಲರೂ ಒಂದೇ ಪಕ್ಷದವರು. ಕಾನೂನು ಆಯೋಗದ 170ನೇ ವರದಿ 1999ರಲ್ಲೇ ಶೇ 25ರಷ್ಟು ಸೀಟು ಹೆಚ್ಚಿಸಿ ಅವನ್ನು ಪಕ್ಷಗಳ ಓಟಿನ ಪ್ರಮಾಣಕ್ಕೆ ತಕ್ಕಂತೆ ಹಂಚಿ ಎಂದಿತ್ತು. ಅದು ನನಗೆ ಹಿಡಿಸುತ್ತದೆ. 1909ರ ಪ್ರತ್ಯೇಕ ಮತಕ್ಷೇತ್ರ ಹಿಡಿಸುವುದಿಲ್ಲ, ಮುಸ್ಲಿಂ ಓಟಿಗೆ ಮುಸ್ಲಿಮರು ಮಾತ್ರ ಕೈಚಾಚುವ ಊರಿನಲ್ಲಿ ನಮ್ಮ ಬೀದಿಯ ಚರಂಡಿ ಬೇರೆ ಯಾರ ಚಿಂತೆಯೂ ಆಗಿರುವುದಿಲ್ಲ. ಆದರೆ ಸೀಟು ಹೆಚ್ಚಿಸಲು ಸಂವಿಧಾನಕ್ಕೇ ಕೈ ಹಾಕಬೇಕು. ಫಾರಂ 7ಕ್ಕೆ 1960ರ ನೋಂದಣಿ ನಿಯಮ ತಿದ್ದಿದರೆ ಸಾಕು. ಒಂದೇ ಒಂದು ಅಂದಿರಲ್ಲ, ಆಗುವಂಥದ್ದನ್ನೇ ಕೇಳುತ್ತಿದ್ದೇನೆ: ಅರ್ಜಿ ಹಾಕಿದವರು ಅಧಿಕಾರಿಯ ಎದುರು ಬಂದು ಪುರಾವೆ ಕೊಡಲಿ, ಬಾರದಿದ್ದರೆ ಅರ್ಜಿ ಬಿದ್ದುಹೋಗಲಿ, ತೆಗೆದ ಪ್ರತಿ ಹೆಸರೂ ಕಾರಣಸಹಿತ ಮತಗಟ್ಟೆಯ ಗೋಡೆ ಮೇಲೆ ಬರಲಿ. ಬಿಹಾರದ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಬಿಟ್ಟಾಗ ಸುಪ್ರೀಂ ಕೋರ್ಟು 2025ರ ಆಗಸ್ಟ್ 14ರಂದು ಕಾರಣಸಮೇತ ಪ್ರಕಟಿಸಲು ಹೇಳಿತು, ಪ್ರಕಟವಾಯಿತು. ಆಗದ ಕೆಲಸವೇನಲ್ಲ.

"ಬುರ್ಖಾ ಹಾಕಿದವರನ್ನ ಗುರುತಿಸೋದು ಹೇಗೆ?" ಎಂದೂ ಕೇಳುತ್ತಾರೆ. ಮಹಿಳಾ ಸಿಬ್ಬಂದಿ, ಮರೆಯ ಜಾಗ. ಮಂಚ ನಿಲ್ಲಿಸಿ ಬಟ್ಟೆ ಕಟ್ಟಿಯಾದರೂ ಮರೆ ಮಾಡಿ ಎನ್ನುತ್ತದೆ ಅಧ್ಯಕ್ಷಾಧಿಕಾರಿಗಳ ಕೈಪಿಡಿ. ಮುಗಿದ ವಿಷಯ.

ನಿಯಮ ಬದಲಾಗುವ ತನಕ ಮಾಡಬೇಕಾದದ್ದು ಇದು. ಹೆಸರಿನಿಂದ ಹುಡುಕಬೇಡಿ, ಕಾಗುಣಿತದಲ್ಲಿ ಸಿಕ್ಕಿಕೊಳ್ಳುತ್ತೀರಿ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಎಪಿಕ್ ಸಂಖ್ಯೆಯಿಂದ ಹುಡುಕಿ. ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಆ ಭಾಗದ ಪಿಡಿಎಫ್ ಇಳಿಸಿಕೊಂಡು ಕೊನೆಯ ಪುಟಗಳ ತನಕ ಹೋಗಿ, ಅಳಿಸಿದ ಹೆಸರುಗಳು ಅಲ್ಲಿರುತ್ತವೆ. ಕ್ರಮ ಸಂಖ್ಯೆಯ ಮುಂದೆ ಒಂದೇ ಒಂದು ಇಂಗ್ಲಿಷ್ ಅಕ್ಷರ: 'ಇ' ಅಂದರೆ ತೀರಿಕೊಂಡವರು, 'ಎಸ್' ಮನೆ ಬಿಟ್ಟವರು, 'ಆರ್' ಎರಡು ಸಲ ಬಂದವರು. ಮನೆಯಲ್ಲಿ ಎಲ್ಲರದ್ದೂ ನೋಡಿ, ಅದರಲ್ಲೂ ಹೊರಗೆ ದುಡಿಯುವ ಗಂಡುಮಕ್ಕಳದ್ದು, ಮದುವೆಯಾಗಿ ಬಂದವರದ್ದು. ಆ್ಯಪ್ ಕಷ್ಟವಾದರೆ 1950ಕ್ಕೆ ಫೋನು ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ಪ್ರತಿ ಚುನಾವಣೆಗೂ ಒಂದು ಸಂದೇಶ ಸುತ್ತುತ್ತದೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ 'ಚಾಲೆಂಜ್ ವೋಟ್' ಹಾಕಿ ಎಂದು. ಶುದ್ಧ ಸುಳ್ಳು. ಪಟ್ಟಿಯಲ್ಲಿ ಇಲ್ಲದವರಿಗೆ ಯಾವ ಕಾರ್ಡಿನಿಂದಲೂ ಓಟಿಲ್ಲ. ಆದರೆ ಹೆಸರಿದ್ದು 'ಗೈರು, ಸ್ಥಳಾಂತರ, ಮೃತ' ಎಂಬ ಎಎಸ್‌ಡಿ ಪಟ್ಟಿಯಲ್ಲಿ ಗುರುತಾಗಿದ್ದರೆ ವಾಪಸ್ ಬರಬೇಡಿ. ಗುರುತು ಪರಿಶೀಲಿಸಿ, ಘೋಷಣೆ ಬರೆಸಿಕೊಂಡು ಓಟು ಕೊಡಬೇಕು. ನಿಮ್ಮ ಓಟನ್ನು ಆಗಲೇ ಯಾರೋ ಹಾಕಿದ್ದರೆ ಟೆಂಡರ್ಡ್ ಮತಪತ್ರ ಕೇಳಿ.

ಹೆಸರು ಹೋಗಿದ್ದು ಗೊತ್ತಾದ ತಕ್ಷಣ ಫಾರಂ 6 ಹಾಕಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಯಾರನ್ನೂ ಸೇರಿಸುವಂತಿಲ್ಲ. ತೆಗೆದ ಆದೇಶದ ಮೇಲೆ 15 ದಿನದೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಆ 15 ದಿನ ಎಣಿಸುವುದು ಆದೇಶದ ತಾರೀಖಿನಿಂದ, ನಿಮಗೆ ಗೊತ್ತಾದ ತಾರೀಖಿನಿಂದ ಅಲ್ಲ. ತಡವಾಗಿದ್ದರೆ ನೋಟಿಸು ಹಳೆಯ ಮನೆಗೆ ಹೋಗಿತ್ತು ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.